ಕೋಟೆ ಬಿಟ್ಟುಕೊಟ್ಟವನ ಸ್ಟೇಷನ್

ಹೆಲ್ಸಿಂಕಿಯಲ್ಲಿ ಎಂ.ಎಸ್. ಓದುತ್ತಿದ್ದಾಗ ನನ್ನ ಇಮೇಲಿನ ಡ್ರಾಫ್ಟ್‌ನಲ್ಲಿ ಮೂರು ಸಾಲಿನ ಪತ್ರವೊಂದು ಐದು ತಿಂಗಳಿಂದ ಬಿದ್ದಿತ್ತು. ಈ ಕೋರ್ಸು ಬಿಡ್ತಾ ಇದೀನಿ, ಮುಂದಿನ ಪ್ರಕ್ರಿಯೆ ತಿಳಿಸಿ ಅನ್ನೋ ಅರ್ಥದ್ದು. ಮಧ್ಯಾಹ್ನ ಮೂರೂಕಾಲಿಗೆಲ್ಲ ಸೂರ್ಯ ಮುಳುಗುವ ಡಿಸೆಂಬರಿನಲ್ಲಿ ಬರೆದದ್ದು. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಹೋಗಿತ್ತು, ಎರಡನೆಯದರಲ್ಲಿ ಮೂರು ಹೋಗುವುದು ಗ್ಯಾರಂಟಿ ಇತ್ತು. ಮಂಡ್ಯದಲ್ಲಿ ಅಪ್ಪ ಸೈಟು ಅಡ ಇಟ್ಟು ಲೋನ್ ತೆಗೆದಿದ್ದರು. ವಾರಕ್ಕೊಮ್ಮೆ ಫೋನಿನಲ್ಲಿ ನಾನು, "ಎಲ್ಲಾ ಚೆನ್ನಾಗ್ ನಡೀತಿದೆ ಅಪ್ಪಾ" ಅಂತಿದ್ದೆ. ಹೇಳಿ ಹೇಳಿ ಅದೂ ಒಂಥರಾ ಕಾಲರ್ ಟ್ಯೂನ್ ಆಗಿಹೋಗಿತ್ತು.

ಮೇ ತಿಂಗಳ ಮೊದಲ ಭಾನುವಾರ ಹೊರದೇಶದ ವಿದ್ಯಾರ್ಥಿಗಳನ್ನೆಲ್ಲ ಸೀನಿಯರ್ ಒಬ್ಬಳು ಸುವೊಮೆನ್‌ಲಿನ್ನಾಗೆ ಹೊರಡಿಸಿದಳು. ಹೆಲ್ಸಿಂಕಿ ಬಂದರಿನ ಎದುರಿಗೇ ಇರುವ ದ್ವೀಪಗಳ ಗುಂಪು ಅದು, ಪೂರ್ತಿ ಕೋಟೆ. ನಮಗೆ ಖುಷಿಯಾದದ್ದು ಇತಿಹಾಸಕ್ಕಲ್ಲ, ಮೆಟ್ರೋ ಪಾಸಿನಲ್ಲೇ ಫೆರಿಯನ್ನೂ ಹತ್ತಬಹುದು ಅನ್ನೋದಕ್ಕೆ. ಹದಿನೈದು ನಿಮಿಷದ ದಾರಿ. ತೆಲುಗಿನ ರೂಮ್‌ಮೇಟ್ ಪುಳಿಹೋರ ಕಟ್ಟಿಕೊಂಡು ಬಂದಿದ್ದ. ದಡದಲ್ಲಿ ಕೂತು ಡಬ್ಬಿ ತೆಗೆದದ್ದೇ ತಡ, ಸೀಗಲ್ ಒಂದು ಮೊದಲ ತುತ್ತನ್ನು ಅವನ ಕೈಯಿಂದಲೇ ಎತ್ತಿಕೊಂಡು ಹೋಯಿತು. "ಖಾರ ಹತ್ತಲಿ ಬಿಡು ಅದಕ್ಕೆ" ಅಂದ. ತುಂಬಾ ದಿನದ ಮೇಲೆ ನಾನು ನಿಜವಾಗಿ ನಕ್ಕಿದ್ದು ಅವತ್ತೇ.

ಫಿನ್ಲೆಂಡ್ ಸ್ವೀಡನ್ನಿನ ಭಾಗವಾಗಿದ್ದ ಕಾಲದಲ್ಲಿ, 1748ರಲ್ಲಿ, ರಷ್ಯಾದ ಭಯಕ್ಕೆ ಕಟ್ಟಲು ಶುರುಮಾಡಿದ ಕೋಟೆ ಇದು. ಕಟ್ಟಿಸಿದ ಅಗಸ್ಟಿನ್ ಎರೆನ್ಸ್‌ವಾರ್ಡ್‌ನ ಸಮಾಧಿ ಅಂಗಳದ ಮಧ್ಯದಲ್ಲೇ ಇದೆ. ಚರ್ಚೊಂದಿದೆ, ಅದರ ಗೋಪುರವೇ ಲೈಟ್‌ಹೌಸ್. ಕಲ್ಲಿನ ಗೋಡೆ ಮೇಲೆ ಹುಲ್ಲು, ಗೋಡೆಯೊಳಗೆ ಕತ್ತಲೆ ಸುರಂಗ, ಸಮುದ್ರದ ಕಡೆ ಬಾಯಿ ಮಾಡಿ ನಿಂತ ಫಿರಂಗಿಗಳು.

ನಾನು ಶ್ರೀರಂಗಪಟ್ಟಣ ನೋಡಿಕೊಂಡು ಬೆಳೆದವನು. ಅದೂ ದ್ವೀಪವೇ, ಅದೂ ಕೋಟೆಯೇ, ಸುತ್ತ ಕಾವೇರಿ ಅಷ್ಟೆ. ಹೈಸ್ಕೂಲು ಮೇಷ್ಟ್ರಾದ ಅಪ್ಪ, ಮನೆಗೆ ಯಾವ ನೆಂಟರು ಬಂದರೂ ಟಿಪ್ಪುವಿನ ಶವ ಸಿಕ್ಕ ಜಾಗಕ್ಕೆ ಕರೆದೊಯ್ಯೋರು. 1799, ಮೇ 4. ಆ ಫಲಕದ ಮುಂದೆ ನಿಂತು, ಶರಣಾಗದೆ ಹೋರಾಡ್ತಾ ಸತ್ತ ರಾಜನ ಕಥೆ ಹೇಳುವಾಗ ಅವರ ಸ್ವರವೇ ಬದಲಾಗೋದು. ಕೋಟೆ ಅಂದರೆ ಕೊನೆ ಉಸಿರಿನ ತನಕ ಬಿಡಬಾರದ್ದು ಅಂತ ನನ್ನ ತಲೆಯಲ್ಲಿ ಕೂತಿದ್ದೇ ಹಾಗೆ.

ಇಲ್ಲಿನ ಕಥೆ ಬೇರೆ. 1808ರಲ್ಲಿ ರಷ್ಯಾ ಬಂದೇ ಬಿಟ್ಟಿತು. ಕೋಟೆಯ ಹೊಣೆ ಇದ್ದದ್ದು ವೈಸ್ ಅಡ್ಮಿರಲ್ ಕಾರ್ಲ್ ಉಲೋಫ್ ಕ್ರೂನ್‌ಸ್ಟೆಟ್ ಎಂಬವನಿಗೆ. ಪುಕ್ಕಲನಲ್ಲ, 1790ರಲ್ಲಿ ಇದೇ ರಷ್ಯಾದ ನೌಕಾಪಡೆಯನ್ನು ಸೋಲಿಸಿದ ಸ್ವೆನ್ಸ್‌ಕ್‌ಸುಂಡ್ ಕದನದಲ್ಲಿ ಹೆಸರು ಮಾಡಿದವನು. ಒಳಗೆ ಸಾವಿರಾರು ಸೈನಿಕರಿದ್ದರು. ಆದರೂ ರಷ್ಯನ್ನರ ಜೊತೆ ಒಂದು ಒಪ್ಪಂದ ಮಾಡಿಕೊಂಡ: ಇಂಥ ದಿನದೊಳಗೆ ಸ್ವೀಡನ್ನಿನಿಂದ ಹಡಗುಗಳು ಬರದಿದ್ದರೆ ಕೋಟೆ ನಿಮ್ಮದು. ಹಡಗು ಬರಲಿಲ್ಲ. ಕೋಟೆ ಕೊಟ್ಟುಬಿಟ್ಟ. ಮರುವರ್ಷ ಇಡೀ ಫಿನ್ಲೆಂಡೇ ಸ್ವೀಡನ್ನಿನ ಕೈತಪ್ಪಿತು.

"ಅವನು ಕೊಟ್ಟಿದ್ದು ಯಾವತ್ತು?" ಅಂತ ಕೇಳಿದೆ.

"ಮೇ 3" ಅಂದಳು ಸೀನಿಯರ್.

ಒಂಬತ್ತು ವರ್ಷಕ್ಕೆ ಒಂದು ದಿನ ಕಮ್ಮಿ. ಅಪ್ಪ ಇದ್ದಿದ್ದರೆ ಇದನ್ನ ಪರೀಕ್ಷೆಗೆ ಕೇಳ್ತಿದ್ದರು.

ಯಾಕೆ ಕೊಟ್ಟ ಅಂತ ಇತಿಹಾಸಕಾರರು ಇವತ್ತಿಗೂ ಕಿತ್ತಾಡ್ತಾರಂತೆ. ಮದ್ದು ಸಾಲದು ಅಂತ ಲೆಕ್ಕ ಹಾಕಿದ, ಒಳಗೆ ಹೆಂಗಸರು ಮಕ್ಕಳಿದ್ದರು, ರಷ್ಯನ್ನರು ಹೆದರಿಸಿದರು, ಹೀಗೆ. ಜನ ಮಾತ್ರ ಲೆಕ್ಕ ಕೇಳಲಿಲ್ಲ, ದ್ರೋಹಿ ಅಂದರು. ಫಿನ್ಲೆಂಡಿನ ರಾಷ್ಟ್ರಗೀತೆಯ ಪದ ಬರೆದ ಕವಿ ರೂನೆಬೆರ್ಗ್, ಇವನ ಮೇಲೂ ಒಂದು ಕವಿತೆ ಬರೆದಿದ್ದಾನೆ. ಅವನ ಹೆಸರನ್ನೇ ಎತ್ತಬೇಡಿ ಅನ್ನೋ ಧಾಟಿಯದು.

"ಆಮೇಲೆ ಅವನು ಏನಾದ?"

"ಹೆಲ್ಸಿಂಕಿ ಹತ್ತಿರವೇ ತನ್ನ ಎಸ್ಟೇಟಿನಲ್ಲಿದ್ದ. 1820ರಲ್ಲಿ ಅಲ್ಲೇ ಸತ್ತ. ಹೆರ್ಟೊನಿಯೆಮಿಯಲ್ಲಿ."

ಹೆರ್ಟೊನಿಯೆಮಿ! ದಿನಾ ನಮ್ಮ ರೂಮಿಗೆ ಹೋಗುವ ಮೆಟ್ರೋ ಲೈನಿನ ಸ್ಟೇಷನ್ ಅದು. ಪೂರ್ತಿ ಚಳಿಗಾಲ, ಫೇಲಾದ ಮುಖ ಹೊತ್ತುಕೊಂಡು ನಾನು ಆ ಮನುಷ್ಯನ ಮನೆ ಮುಂದೇನೇ ಓಡಾಡಿದ್ದೆ ಅನ್ನಿಸಿತು.

ಅವನು ಬಿಟ್ಟುಕೊಟ್ಟ ಕೋಟೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ನೂರಾ ಹತ್ತು ವರ್ಷ ರಷ್ಯನ್ನರು ಇಟ್ಟುಕೊಂಡರು. ಫಿನ್ಲೆಂಡ್ ಸ್ವತಂತ್ರವಾದ ಮೇಲೆ, 1918ರ ಅಂತರ್ಯುದ್ಧದಲ್ಲಿ ಸೋತ ಕೆಂಪು ಪಡೆಯವರನ್ನು ಇಲ್ಲೇ ಕೂಡಿಹಾಕಿದರು. ಹಸಿವು, ಕಾಯಿಲೆಗೆ ಎಷ್ಟೋ ಜನ ಸತ್ತರು. ಈಗ ಸುಮಾರು ಎಂಟುನೂರು ಜನ ಇಲ್ಲೇ ವಾಸವಾಗಿದ್ದಾರೆ, 1991ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಒಂದು ತೆರೆದ ಜೈಲೂ ಇದೆ, ಕೋಟೆಯನ್ನು ದುರಸ್ತಿ ಮಾಡೋದು ಅಲ್ಲಿನ ಕೈದಿಗಳ ಕೆಲಸ. ನಾವು ಹೋದ ದಿನ ಹುಡುಗಿಯೊಬ್ಬಳು ಫಿರಂಗಿ ಮೇಲೆ ಕುದುರೆ ಥರ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದಳು.

ಉಳಿದವರು ಫೋಟೋ ತೆಗೆಸಿಕೊಳ್ಳೋಕೆ ಕಿಂಗ್ಸ್ ಗೇಟ್ ಕಡೆ ಹೋದರು. ನಾನು ಗೋಡೆಯ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಮೂರು, ಊರಲ್ಲಿ ಐದೂವರೆ.

"ಅಪ್ಪಾ, ಐದು ಸಬ್ಜೆಕ್ಟ್ ಹೋಗಿದೆ. ನನ್ ಕೈಲಿ ಆಗ್ತಿಲ್ಲ. ಬಂದ್‌ಬಿಡ್ತೀನಿ."

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಟಿಪ್ಪು ಕಥೆ ಬರುತ್ತೆ ಅಂತ ಕಾದೆ.

"ಯಾವಾಗಿಂದ?" ಅಂದರು.

"ಡಿಸೆಂಬರ್."

"ಐದು ತಿಂಗಳು ಒಬ್ಬನೇ ಇಟ್ಕೊಂಡಿದ್ಯಾ?"

ನನಗೆ ಉತ್ತರಿಸೋಕೆ ಆಗಲಿಲ್ಲ. ಗಾಳಿ ಜೋರಿತ್ತು, ಅದಕ್ಕೇ ಕೇಳಿಸ್ತಿಲ್ಲ ಅಂದುಕೊಂಡಿರಬೇಕು. ಸ್ವಲ್ಪ ಜೋರಾಗಿ ಕೇಳಿದರು, "ಲೋನ್ ಕಂತು ಯಾವ ತಿಂಗಳಿಂದ ಶುರುವಾಗುತ್ತೆ? ಬ್ಯಾಂಕಿನವರನ್ನ ಕೇಳ್ತೀನಿ. ಟಿಕೆಟ್ ರೇಟ್ ನೋಡಿ ಹೇಳು. ಅಮ್ಮಂಗೆ ನಾನ್ ಹೇಳ್ತೀನಿ, ನೀನ್ ಈಗ್ಲೇ ಮಾಡ್ಬೇಡ."

ಅವತ್ತು ರಾತ್ರಿ ಡ್ರಾಫ್ಟ್‌ನಲ್ಲಿದ್ದ ಮೂರು ಸಾಲು ಕಳಿಸಿದೆ.

ಸುಲಭವಾಯಿತು ಅಂತ ಹೇಳಲ್ಲ. ಬೆಂಗಳೂರಲ್ಲಿ ಕೆಲಸ ಹಿಡಿದು ಲೋನ್ ತೀರಿಸೋಕೆ ನಾಲ್ಕು ವರ್ಷ ಬೇಕಾಯಿತು. ಮದುವೆ ಮನೆಗಳಲ್ಲಿ ಈಗಲೂ ಯಾರಾದರೂ, "ಫಾರಿನ್‌ನಿಂದ ಯಾಕಪ್ಪಾ ವಾಪಸ್ ಬಂದೆ?" ಅಂತಾರೆ. "ಚಳಿ ಜಾಸ್ತಿ" ಅಂತೀನಿ. ಇನ್ನೊಂದು ವರ್ಷ ಹಲ್ಲು ಕಚ್ಚಿ ಇದ್ದಿದ್ದರೆ ಮುಗಿಸ್ತಿದ್ದೆನೇನೋ ಅಂತ ಎಷ್ಟೋ ರಾತ್ರಿ ಅನ್ನಿಸಿದೆ. ಕ್ರೂನ್‌ಸ್ಟೆಟ್‌ಗೂ ಆ ಎಸ್ಟೇಟಿನಲ್ಲಿ ಹಾಗೇ ಅನ್ನಿಸಿರಬೇಕು.

ಕಳೆದ ತಿಂಗಳು ನೆಂಟರೊಬ್ಬರನ್ನು ಕರ್ಕೊಂಡು ಅಪ್ಪನ ಜೊತೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಫಲಕದ ಮುಂದೆ ಅದೇ ಕಥೆ, ಅದೇ ಸ್ವರ. ಮುಗಿಸಿ ಕಾರಿನ ಕಡೆ ಬರುವಾಗ ಅಪ್ಪ ಮೆಲ್ಲಗೆ ಕೇಳಿದರು, "ನಿನ್ ಆ ಸ್ಟೇಷನ್ ಹೆಸರೇನೋ ಅಂದಿದ್ದೆಯಲ್ಲ?"

"ಹೆರ್ಟೊನಿಯೆಮಿ."

"ಹಾಂ, ಅದೇ" ಅಂದು ನೆಂಟರ ಕಡೆ ತಿರುಗಿದರು. "ಅಲ್ಲೊಬ್ಬ ಅಡ್ಮಿರಲ್ ಇದ್ದ ಕಣ್ರೀ..."