ಕಾರ್ಡಿನ ಸರ, ಮಗ್ಗದ ಮನೆ

ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮನ ಜಾತ್ರೆ. ನಂದಿಧ್ವಜಗಳ ಮೆರವಣಿಗೆ ನೋಡಿಕೊಂಡು, ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆಗೆ ಅಣ್ಣನ ಮನೆಗೆ ಹೋಗುವುದು ನನ್ನ ವಾಡಿಕೆ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ತಿಂದು ಮುಗಿಸುವ ಮೊದಲೇ ಈ ಸಲ ಅಣ್ಣನ ಮಗಳು ಲ್ಯಾಪ್‌ಟಾಪ್ ತಂದಿಟ್ಟಳು. ಕನ್ನಡ ಶಾಲೆಯ ಮಕ್ಕಳಿಗೆಂದು ನಾವಿಬ್ಬರೂ ಸೇರಿ ಮಾಡುತ್ತಿದ್ದ ಪುಟ್ಟ ಪದಕೋಶದ ಆ್ಯಪ್ ಅವಳಲ್ಲಿ ಬಿಲ್ಡ್ ಆಗುತ್ತಿರಲಿಲ್ಲ.

"ಕಾಕಾ, ಇದು ನಿಮ್ಮ ಹೆಸರಿನ ಫೋಲ್ಡರ್ ಕೇಳಾಕತ್ತೈತ್ರಿ. ನನ್ನ ಕಡೆ ಅದೆಲ್ಲಿಂದ ಬರಬೇಕ್ರಿ?"

ನೋಡಿದರೆ, ಇಬ್ಬರೂ ಹಂಚಿಕೊಂಡಿದ್ದ, ಆ್ಯಪನ್ನು ಬಿಲ್ಡ್ ಮಾಡುವ ಗ್ರೇಡಲ್‌ನ ಪ್ರಾಪರ್ಟೀಸ್ ಕಡತದಲ್ಲಿ ಜಾವಾ ಎಲ್ಲಿದೆ ಎಂಬ ದಾರಿಯನ್ನು ನಾನೇ ಬರೆದಿಟ್ಟಿದ್ದೆ. ಅದು ನನ್ನ ಕಂಪ್ಯೂಟರಿನ ದಾರಿ. ತಪ್ಪು ತನ್ನದೇ ಎಂದುಕೊಂಡ ಹುಡುಗಿ ಎರಡು ದಿನ ಜಾವಾವನ್ನು ತೆಗೆದು, ಮತ್ತೆ ಹಾಕಿ ನೋಡಿದ್ದಳಂತೆ. ಕೇಳಿ ಮನಸ್ಸಿಗೆ ನೋವಾಯಿತು.

ಮರುದಿನ ಚಾದರ ಕೊಳ್ಳಲು ಅವಳನ್ನೂ ಕರೆದುಕೊಂಡು ಸೊಲ್ಲಾಪುರದ ಪರಿಚಿತ ನೇಕಾರರೊಬ್ಬರ ಶೆಡ್ಡಿಗೆ ಹೋದೆ. ಕನ್ನಡ, ಮರಾಠಿ, ತೆಲುಗು ಮೂರೂ ಒಟ್ಟಿಗೆ ಕಿವಿಗೆ ಬೀಳುವ ಊರು ಅದು; ಶೆಡ್ಡಿನೊಳಗೆ ಮಾತ್ರ ಮಗ್ಗದ್ದೇ ಮಾತು. ಮಗ್ಗದ ತಲೆಯ ಮೇಲೆ ಜಕಾರ್ಡ್ ಯಂತ್ರ, ಅದರಿಂದ ಇಳಿಬಿದ್ದ ರಟ್ಟಿನ ಕಾರ್ಡುಗಳ ಸರ. ತೂತು ಇದ್ದಲ್ಲಿ ಕೊಕ್ಕಿ ಹಾಸಿನ ಎಳೆಯನ್ನು ಎತ್ತುತ್ತದೆ, ಇಲ್ಲದಲ್ಲಿ ಎತ್ತುವುದಿಲ್ಲ. ಲಾಳಿ ಒಮ್ಮೆ ಹಾಯ್ದರೆ ಹೂವಿನ ಒಂದು ಗೆರೆ. ಫ್ರಾನ್ಸಿನ ಲಿಯೋನ್‌ನಲ್ಲಿ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಉಪಾಯವಿದು. ಇದೇ ಕಾರ್ಡನ್ನು ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರಕ್ಕೆ ಬಯಸಿದ. ಆ ಯಂತ್ರ ಬೀಜಗಣಿತದ ಹೂಬಳ್ಳಿ ನೇಯುತ್ತದೆಂದು ಏಡಾ ಲವ್‌ಲೇಸ್ 1843ರಲ್ಲಿ ಬರೆದಳು. ನಮ್ಮ ವಿದ್ಯೆಯ ತವರು ಮಗ್ಗದ ಮನೆಯೇ.

"ಈ ಸರ ಬ್ಯಾರೆ ಮಗ್ಗಕ್ಕ ನಡೀತದೇನ್ರಿ?" ಎಂದಳು ಅಣ್ಣನ ಮಗಳು.

"ಕೊಕ್ಕಿ ಅಷ್ಟೇ ಇದ್ರ ಯಾವ ಮಗ್ಗಕ್ಕಾದ್ರೂ ನಡೀತದವ್ವಾ. ಎಳಿ ಬಿಗಿ ಮಾತ್ರ ಅವ್ರವ್ರೇ ನೋಡ್ಕೋಬೇಕು," ಎಂದರು ಅವರು.

ನನಗೆ ಬೇಕಿದ್ದ ಪಾಠ ಅಷ್ಟೇ. ಎಷ್ಟು ಕೊಕ್ಕಿ ಬೇಕೆಂದು ಕಾರ್ಡು ಕೇಳಬಹುದು. ಯಾರ ಶೆಡ್ಡು, ಯಾವ ಗೋಡೆ ಎಂದು ಕೇಳಬಾರದು. ಹಂಚಿಕೊಳ್ಳುವ ಕಡತವೂ ಹಾಗೆಯೇ. ಜಾವಾ 17 ಬೇಕು ಎಂದಷ್ಟೇ ಅದು ಹೇಳಲಿ. ಅದು ಯಾವ ಫೋಲ್ಡರಿನಲ್ಲಿದೆ ಎಂಬುದು ಆಯಾ ಯಂತ್ರದ ಮನೆಯ ವಿಷಯ. 2020ರಲ್ಲಿ ಬಂದ ಗ್ರೇಡಲ್ 6.7ರಿಂದ ಟೂಲ್‌ಚೈನ್ ಎಂಬ ಅನುಕೂಲವಿದೆ: ಆವೃತ್ತಿ ಹೇಳಿದರೆ ಸಾಕು, ಅದೇ ಹುಡುಕಿಕೊಳ್ಳುತ್ತದೆ. ದಾರಿ ಬರೆಯಲೇಬೇಕಾದರೆ ಅವರವರ ಹೋಮ್ ಡೈರೆಕ್ಟರಿಯ ಗ್ರೇಡಲ್ ಕಡತವಿದೆ. ಪ್ರಾಜೆಕ್ಟಿನ ಮಾತಿಗಿಂತ ಅದರ ಮಾತೇ ಮೇಲು. ಆಂಡ್ರಾಯ್ಡ್ ಎಸ್‌ಡಿಕೆಯ ದಾರಿಗೆ ಲೋಕಲ್ ಪ್ರಾಪರ್ಟೀಸ್ ಇದೆ. ಅದನ್ನು ಗಿಟ್‌ಗೆ ಸೇರಿಸಬಾರದು.

ಸಂಜೆ ಅಕ್ಕಲಕೋಟೆಯ ಕಟ್ಟೆಯ ಮೇಲೆ ಕುಳಿತು ನನ್ನ ಹೆಸರಿದ್ದ ಆ ಸಾಲನ್ನು ಅವಳೇ ಅಳಿಸಿದಳು, ಆವೃತ್ತಿಯನ್ನಷ್ಟೇ ಬರೆದಳು. ಬಿಲ್ಡ್ ಮುಗಿದು ಫೋನಿನಲ್ಲಿ ಪದಕೋಶ ತೆರೆದುಕೊಂಡಿತು. ಅವಳು ಮೊದಲು ಹುಡುಕಿದ ಪದ, ಲಾಳಿ.