ಒಂದು ಅಂಕದ ಪ್ರಶ್ನೆ

‘ರಕ್ತಕಣಗಳು ಎಲ್ಲಿ ಉತ್ಪತ್ತಿಯಾಗುತ್ತವೆ?’ ಒಂದು ಅಂಕದ ಪ್ರಶ್ನೆ. ‘ಅಸ್ಥಿಮಜ್ಜೆಯಲ್ಲಿ’ ಎಂದು ಬರೆದರೆ ಮುಗಿಯಿತು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತ ಬಂದಿರುವ ನಾನು ಈ ಉತ್ತರಕ್ಕೆ ಕೆಂಪು ಶಾಯಿಯಲ್ಲಿ ಎಷ್ಟು ಸಲ ಸರಿ ಗುರುತು ಹಾಕಿದ್ದೇನೋ ಲೆಕ್ಕವಿಲ್ಲ. ಆ ಮಜ್ಜೆ ಕೆಲಸ ನಿಲ್ಲಿಸಿದರೆ ಏನಾಗುತ್ತದೆ ಎಂದು ಯಾವ ಮಗುವೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

2018ರ ಆಗಸ್ಟ್. ನನ್ನ ತಂಗಿಯ ಮಗ ನಮ್ಮ ಮನೆಯಲ್ಲಿದ್ದುಕೊಂಡು ನಮ್ಮದೇ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದ. ಮನೆಯಲ್ಲಿ ‘ಮಾವ’, ಶಾಲೆಯ ಗೇಟು ದಾಟಿದ ಮೇಲೆ ‘ಸಾರ್’. ಸ್ವಾತಂತ್ರ್ಯ ದಿನಾಚರಣೆಯ ಕವಾಯತಿನ ಅಭ್ಯಾಸದಲ್ಲಿ ಮೂರು ದಿನ ಸತತವಾಗಿ ಮಧ್ಯದಲ್ಲೇ ಕುಳಿತುಬಿಟ್ಟ. ಮನೆಯ ಹುಡುಗನಿಗೆ ರಿಯಾಯಿತಿ ಕೊಟ್ಟರು ಎಂದು ಯಾರೂ ಆಡಿಕೊಳ್ಳಬಾರದೆಂಬ ಹಟ ನನಗೆ. ‘ನಾಟಕ ಸಾಕು, ಏಳು’ ಎಂದು ಎಲ್ಲರೆದುರು ಗದರಿಸಿ ಮೈದಾನಕ್ಕೆ ಎರಡು ಸುತ್ತು ಓಡಿಸಿದೆ. ಓಡಿದ. ಎದುರು ಮಾತಾಡಲಿಲ್ಲ.

ನಾಲ್ಕು ದಿನದ ಮೇಲೆ ನನ್ನ ಹೆಂಡತಿ ಅವನ ದಿಂಬಿನ ಮೇಲೆ ರಕ್ತದ ಕಲೆ ಕಂಡಳು. ಒಸಡಿನಿಂದ ಬಂದದ್ದು. ಪ್ಯಾಂಟು ಮೇಲೆತ್ತಿ ನೋಡಿದರೆ ಕಾಲಿನ ತುಂಬ ಸಾಸಿವೆ ಕಾಳಿಗಿಂತ ಚಿಕ್ಕ ಕೆಂಪು ಚುಕ್ಕೆಗಳು. ಬೆರಳಿನಿಂದ ಒತ್ತಿದರೂ ಮಾಯವಾಗಲಿಲ್ಲ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 12,000. ಆರೋಗ್ಯವಂತರಲ್ಲಿ ಇದು ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು. ಮಳೆಗಾಲವಾದ್ದರಿಂದ ಎಲ್ಲರ ಬಾಯಲ್ಲೂ ಡೆಂಗಿಯ ಮಾತು. ನಾನೂ ಪರಂಗಿ ಎಲೆ ಹುಡುಕಿಕೊಂಡು ಹೊರಟವನೇ. ಆದರೆ ಜ್ವರವಿರಲಿಲ್ಲ. ಹಿಮೋಗ್ಲೋಬಿನ್ 5.8ಕ್ಕೆ ಇಳಿದಿತ್ತು, ಬಿಳಿ ರಕ್ತಕಣಗಳೂ ಕುಸಿದಿದ್ದವು. ಡೆಂಗಿಯಲ್ಲಿ ಇಳಿದ ಪ್ಲೇಟ್‌ಲೆಟ್ ಕೆಲವು ದಿನಗಳಲ್ಲಿ ತಾನಾಗಿ ಏರುತ್ತದೆ, ಇವನದು ಏರಲಿಲ್ಲ. ಬೆಂಗಳೂರಿಗೆ ಕರೆದೊಯ್ದೆವು. ಸೊಂಟದ ಹಿಂಬದಿಯ ಮೂಳೆಗೆ ಸೂಜಿ ಹಾಕಿ ಚೂರು ಮಜ್ಜೆ ತೆಗೆದು ನೋಡಿದರು. ರಕ್ತಕಣಗಳನ್ನು ಹುಟ್ಟಿಸುವ ಕೋಶಗಳಿರಬೇಕಾದ ಜಾಗದಲ್ಲಿ ಬಹುಪಾಲು ಬರೀ ಕೊಬ್ಬು.

‘ಅಪ್ಲಾಸ್ಟಿಕ್ ಅನೀಮಿಯ’ ಎಂದರು ವೈದ್ಯರು. ತಂಗಿ ಕೇಳಿದ್ದು ಒಂದೇ ಮಾತು: ‘ಕ್ಯಾನ್ಸರಾ ಡಾಕ್ಟ್ರೇ?’ ಅಲ್ಲ. ಕ್ಯಾನ್ಸರಿನಲ್ಲಿ ಕೆಟ್ಟ ಕೋಶಗಳು ಮಿತಿಮೀರಿ ಬೆಳೆಯುತ್ತವೆ. ಇಲ್ಲಿ ಬೆಳೆಯಬೇಕಾದವೇ ಬೆಳೆಯುವುದಿಲ್ಲ. ಹೆಸರು ನನಗೆ ಹೊಸದಲ್ಲ. 1934ರಲ್ಲಿ ಮೇರಿ ಕ್ಯೂರಿ ತೀರಿಕೊಂಡದ್ದು ಇದೇ ಕಾಯಿಲೆಯಿಂದ ಎಂದು ವಿಕಿರಣದ ವಿಷಯ ಬಂದಾಗಲೆಲ್ಲ ಮಕ್ಕಳಿಗೆ ಹೇಳುತ್ತಿದ್ದೆ. ನಮ್ಮ ಹುಡುಗ ರೇಡಿಯಂ ಮುಟ್ಟಿದವನಲ್ಲ. ವಿಕಿರಣ, ಬೆಂಜೀನ್, ಕೆಲವು ಔಷಧಿಗಳು ಕಾರಣವಾಗುವುದುಂಟು. ಆದರೆ ಹೆಚ್ಚಿನವರಲ್ಲಿ ಹೊರಗಿನ ಕಾರಣ ಸಿಗುವುದೇ ಇಲ್ಲ. ರೋಗಾಣುಗಳಿಂದ ಮೈ ಕಾಯಬೇಕಾದ ಒಂದು ಬಗೆಯ ಬಿಳಿ ರಕ್ತಕಣಗಳೇ ಮಜ್ಜೆಯ ಮೂಲಕೋಶಗಳ ಮೇಲೆ ತಿರುಗಿ ಬೀಳುತ್ತವೆ. ಬೇಲಿಯೇ ಹೊಲ ಮೇಯುವುದು ಎಂದರೆ ಇದೇ.

ಸುದ್ದಿ ಊರಿಗೆ ಮುಟ್ಟಿದ್ದೇ ತಡ, ಬೀಟ್‌ರೂಟು, ದಾಳಿಂಬೆ, ನುಗ್ಗೆಸೊಪ್ಪು, ಕಬ್ಬಿಣದ ಟಾನಿಕ್ಕು ಎಲ್ಲ ಬಂದು ಬಿದ್ದವು. ‘ರಕ್ತ ಕಮ್ಮಿ’ ಎಂದರೆ ನಮ್ಮ ಜನಕ್ಕೆ ತೋಚುವುದು ಅಷ್ಟೆ. ಬಿತ್ತನೆ ಬೀಜವೇ ಇಲ್ಲದ ಗದ್ದೆಗೆ ಗೊಬ್ಬರ ಸುರಿದು ಏನು ಫಲ? ಮೇಲಾಗಿ, ಮತ್ತೆ ಮತ್ತೆ ರಕ್ತ ಹಾಕಿಸಿಕೊಳ್ಳುವವರಿಗೆ ಕಬ್ಬಿಣದ ಕೊರತೆಯಿಲ್ಲ. ಪ್ರತಿ ಬಾಟಲಿ ರಕ್ತದೊಂದಿಗೆ 200 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಒಳಗೆ ಹೋಗುತ್ತದೆ. ಅದನ್ನು ಹೊರಹಾಕುವ ದಾರಿ ದೇಹಕ್ಕಿಲ್ಲದೆ, ಅದು ಯಕೃತ್ತು, ಹೃದಯದಲ್ಲಿ ಕೂಡಿಡುತ್ತ ಹೋಗುತ್ತದೆ.

ಅಲ್ಲಿಂದ ನಮ್ಮ ಮನೆಯ ಪಂಚಾಂಗವೇ ಬದಲಾಯಿತು. ಕೆಂಪು ರಕ್ತಕಣದ ಆಯಸ್ಸು 120 ದಿನ. ಹಾಗಾಗಿ ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿದರೆ ನಡೆಯುತ್ತಿತ್ತು. ಪ್ಲೇಟ್‌ಲೆಟ್ ಬದುಕುವುದು ಹತ್ತು ದಿನದೊಳಗೆ. ಹೊರಗಿನಿಂದ ಕೊಟ್ಟದ್ದು ಇನ್ನೂ ಬೇಗ ಖಾಲಿ. ರಕ್ತನಿಧಿಯಲ್ಲಿ ಅದನ್ನು ಐದು ದಿನಕ್ಕಿಂತ ಹೆಚ್ಚು ಇಡಲೂ ಆಗದು. ಸೋಂಕನ್ನು ಮೊದಲು ತಡೆಯುವ ಬಿಳಿ ಕಣಗಳಂತೂ ರಕ್ತದಲ್ಲಿರುವುದು ಒಂದು ದಿನಕ್ಕೂ ಕಡಿಮೆ. ಅವನ್ನು ಹೊರಗಿನಿಂದ ತುಂಬಿಸುವುದು ಸುಲಭವಲ್ಲ. ಆದ್ದರಿಂದ ಜ್ವರ 100.4 ಡಿಗ್ರಿ ಮುಟ್ಟಿದರೆ ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ‘ಬೆಳಗಾಗಲಿ ನೋಡೋಣ’ ಎನ್ನುವಂತಿಲ್ಲ. ಆಸ್ಪಿರಿನ್, ಐಬುಪ್ರೊಫೇನ್‌ನಂತಹ ನೋವಿನ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುವುದರಿಂದ ಮನೆಯಿಂದಲೇ ಹೊರಗೆ ಹಾಕಿದೆವು. ಹಲ್ಲುಜ್ಜಲು ಎಳೆ ಮಕ್ಕಳ ಮೆತ್ತನೆಯ ಬ್ರಷ್.

ರಕ್ತ ಕೊಡಲು ಊರಿನಿಂದ ಟೆಂಪೊ ತುಂಬ ನೆಂಟರು ಬಂದಿಳಿದರು. ‘ಮನೆಯವರ ರಕ್ತ ಬೇಡ’ ಎಂದುಬಿಟ್ಟರು ವೈದ್ಯರು. ಮುಂದೆ ಮಜ್ಜೆಯ ಕಸಿ ಮಾಡುವುದಾದರೆ, ಮೊದಲೇ ರಕ್ತಸಂಬಂಧಿಕರ ರಕ್ತ ಪಡೆದ ದೇಹ ಅವರ ಮಜ್ಜೆಯನ್ನು ತಿರಸ್ಕರಿಸುವ ಅಪಾಯ ಹೆಚ್ಚು. ನೆಂಟರಿಗೆ ಇದನ್ನು ಒಪ್ಪಿಸುವುದು ಮೂವತ್ತು ಪಾಠ ಮಾಡುವುದಕ್ಕಿಂತ ಕಷ್ಟವಾಯಿತು. ಕೊನೆಗೆ ಕೊಟ್ಟವರು ಸಹೋದ್ಯೋಗಿಗಳು, ಹಳೆಯ ವಿದ್ಯಾರ್ಥಿಗಳು, ಮುಖ ನೋಡದ ಎಷ್ಟೋ ಜನ. ವಿಜ್ಞಾನದಲ್ಲಿ ಎಂದೂ 35 ದಾಟದಿದ್ದ, ಈಗ ಬೆಂಗಳೂರಿನಲ್ಲಿ ಆಟೊ ಓಡಿಸುವ ಒಬ್ಬ ಶಿಷ್ಯ ಮೂರು ಸಲ ಬಂದು, ಯಂತ್ರದ ಪಕ್ಕ ಒಂದೂವರೆ ಗಂಟೆ ಕುಳಿತು ಪ್ಲೇಟ್‌ಲೆಟ್ ಕೊಟ್ಟ. ‘ಸಾರ್, ಇದು ಪರೀಕ್ಷೆಗೆ ಬರಲ್ಲ ತಾನೆ?’ ಎಂದು ನಕ್ಕ.

ಇನ್ನೊಂದು ಸಂಗತಿ ಮುಚ್ಚಿಡಬಾರದು. ನನ್ನ ತಂಗಿಯನ್ನು ನಮ್ಮ ಸೋದರಮಾವನಿಗೇ ಕೊಟ್ಟಿದೆ. ‘ನಮ್ಮ ಮದುವೆಯಿಂದಲೇ ಹೀಗಾಯ್ತೇನಣ್ಣ?’ ಎಂದು ಅವಳು ವಾರ್ಡಿನ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಪ್ರಶ್ನೆ ಅಸಂಬದ್ಧವಲ್ಲ. 1927ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೈಡೊ ಫ್ಯಾಂಕೋನಿ ಒಂದೇ ಮನೆಯ ಮೂವರು ಗಂಡುಮಕ್ಕಳಲ್ಲಿ ಗುರುತಿಸಿದ ಮಜ್ಜೆಯ ಕಾಯಿಲೆ ಆನುವಂಶಿಕವಾದದ್ದು. ತಂದೆ ತಾಯಿ ಇಬ್ಬರಲ್ಲೂ ಆ ದೋಷ ಅಡಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಹತ್ತಿರದ ಸಂಬಂಧದಲ್ಲಿ ಇಬ್ಬರಲ್ಲೂ ಒಂದೇ ದೋಷವಿರುವ ಸಂಭವ ಹೆಚ್ಚು. ಅದಕ್ಕೆಂದೇ ಇರುವ ವರ್ಣತಂತು ಪರೀಕ್ಷೆ ಮಾಡಿಸಿದರು. ಅವನಲ್ಲಿ ಅದು ಇರಲಿಲ್ಲ. ಫಲಿತಾಂಶ ಕೇಳಿದ ದಿನ ತಂಗಿ ಎಷ್ಟೋ ವಾರಗಳ ನಂತರ ಹೊಟ್ಟೆ ತುಂಬ ಉಂಡಳು. ಹಾಗೆಂದು ತರಗತಿಯಲ್ಲಿ ಒಳಸಂಬಂಧದ ಮದುವೆಯ ಅಪಾಯ ಹೇಳುವುದನ್ನು ನಾನು ಬಿಟ್ಟಿಲ್ಲ. ಆದರೆ ಕಾಯಿಲೆಯ ಮಗುವಿನ ತಾಯಿ ಎದುರಿಗಿರುವಾಗ ಹೇಳುವ ಪಾಠ ಅದಲ್ಲ.

ಮಜ್ಜೆಯ ಕಸಿ ಭಾರತದಲ್ಲಿ 1983ರಲ್ಲೇ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾದ ಚಿಕಿತ್ಸೆ. ಚಿಕ್ಕ ವಯಸ್ಸಿನವರಿಗೆ ಒಡಹುಟ್ಟಿದವರ ಮಜ್ಜೆ ಹೊಂದಿದರೆ ಅದೇ ಮೊದಲ ಆಯ್ಕೆ. ಅಲ್ಲಿಯೂ ನಾಲ್ಕರಲ್ಲಿ ಒಂದು ಪಾಲಿನ ಲೆಕ್ಕವೇ. ಅವನ ಅಕ್ಕನದು ಹೊಂದಲಿಲ್ಲ. ಅವಳಿಗೆ ತಾನೇ ಏನೋ ತಪ್ಪು ಮಾಡಿದಂತೆ ಅನ್ನಿಸಿ ಎರಡು ದಿನ ಮಾತು ಬಿಟ್ಟಳು.

ಉಳಿದದ್ದು ಎ.ಟಿ.ಜಿ. ಎಂಬ ಔಷಧಿ. ಕುದುರೆಯ ರಕ್ತದಿಂದ ತಯಾರಿಸಿದ್ದು. ಮಜ್ಜೆಯ ಮೇಲೆ ಬಿದ್ದಿರುವ ಕಣಗಳನ್ನು ಅಡಗಿಸುತ್ತದೆ. ಭಾವ ತೋಟ ಅಡ ಇಟ್ಟ. ನಾಲ್ಕು ದಿನ ಹನಿಹನಿಯಾಗಿ ಏರಿಸಿದರು. ಚಳಿ, ನಡುಕ, ಮೈಮೇಲೆ ದದ್ದು. ಮೂರನೇ ದಿನ ಹುಡುಗ ಹೇಳಿದ: ‘ಕುದುರೆ ಔಷಧಿ ತಾನೇ ಮಾವ, ಮುಂದಿನ ವರ್ಷ ಮೈದಾನಕ್ಕೆ ಹತ್ತು ಸುತ್ತು.’ ನನಗೆ ತಡೆಯಲಾಗಲಿಲ್ಲ. ‘ಅವತ್ತು ನಿನ್ನನ್ನು ಓಡಿಸಬಾರದಿತ್ತು ಕಣೋ’ ಎಂದೆ. ‘ನನಗೂ ನಾನು ಸೋಮಾರಿ ಅಂತಲೇ ಅನ್ನಿಸಿತ್ತು ಮಾವ’ ಎಂದ.

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಈ ಔಷಧಿಯ ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಐದನೇ ತಿಂಗಳಲ್ಲಿ, ಹೊರಗಿನಿಂದ ಕೊಡದೆಯೇ ಪ್ಲೇಟ್‌ಲೆಟ್ 31,000 ಆಯಿತು. ಶಾಲೆಗೆ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬಂದ. ಜೊತೆಗೆ ತೆಗೆದುಕೊಳ್ಳುತ್ತಿದ್ದ ಸೈಕ್ಲೋಸ್ಪೋರಿನ್ ಔಷಧಿಯಿಂದ ಮುಖದ ಮೇಲೆ ಕೂದಲು ಬೆಳೆದು, ಹುಡುಗರು ‘ಕರಡಿ’ ಎಂದರು. ಒಂದಿಬ್ಬರು ಪೋಷಕರು ‘ಅಂಟುತ್ತದೆಯೇ?’ ಎಂದು ವಿಚಾರಿಸಿದರು. ಪೋಷಕರ ಸಭೆಯಲ್ಲಿ ಹೇಳಿದೆ: ಅವನಿಂದ ನಿಮ್ಮ ಮಕ್ಕಳಿಗೆ ಏನೂ ಬರುವುದಿಲ್ಲ, ನಿಮ್ಮ ಮಕ್ಕಳ ಸೀತಾಳೆ ಸಿಡುಬು, ಕೆಮ್ಮು ಅವನಿಗೆ ಬರಬಹುದು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಿದ್ದರೆ ಒಂದು ಮಾತು ತಿಳಿಸಿ. ತಿಳಿಸಿದರು. ಮುಂದೆ 2020ರ ಜೂನ್ 25ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದಾಗ ರಾಜ್ಯದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳ ಮುಖದ ಮೇಲೂ ಮಾಸ್ಕ್. ‘ಈಗ ಎಲ್ಲರೂ ನನ್ನ ಹಾಗೇ ಆದರು’ ಎಂದು ಕೊಠಡಿಯೊಳಗೆ ಹೋದ.

ಈಗ ಅವನು ಬಿ.ಕಾಂ. ಮುಗಿಸಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದಾನೆ. ಕಾಯಿಲೆ ಮರುಕಳಿಸಬಹುದು, ವರ್ಷಗಳ ನಂತರ ಬೇರೆ ರೂಪ ತಾಳಲೂಬಹುದು. ಆದ್ದರಿಂದ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ತಪ್ಪುವುದಿಲ್ಲ. ಸಂಖ್ಯೆಯನ್ನು ಫೋನಿನಲ್ಲಿ ಹೇಳುತ್ತಾನೆ. ನಾನು ಹಳೆಯ ಅಂಕಪಟ್ಟಿಯ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತೇನೆ. ಕಳೆದ ಸಲ 86,000. ತಂಗಿ ಮಾತ್ರ ಪ್ರತಿ ಪರೀಕ್ಷೆಯ ಹಿಂದಿನ ವಾರ ಇಂದಿಗೂ ನುಗ್ಗೆಸೊಪ್ಪಿನ ಪಲ್ಯ ಕಟ್ಟಿ ಕಳಿಸುತ್ತಾಳೆ. ಇಬ್ಬರೂ ಕೂತು ತಿನ್ನುತ್ತೇವೆ.