ಮೂಲೆಗೊಂದು ಕಪಾಟು

ಸುರಪುರದ ರಂಗಂಪೇಟೆಯಲ್ಲಿ ನಮ್ಮ ಸೋದರಮಾವನ ಮನೆ ಕೆಡವುತ್ತಾರೆಂದು ಸುದ್ದಿ ಬಂದಾಗ ನಾನು ಶಹಾಪುರದಿಂದ ಮೊದಲ ಬಸ್ಸಿಗೇ ಹೋದೆ. ಆಳುಗಳು ಮಾಳಿಗೆಯ ಮಣ್ಣು ಇಳಿಸಿ ತೊಲೆ, ಜಂತಿಗಳನ್ನು ಅಂಗಳದಲ್ಲಿ ಒಟ್ಟಿದ್ದರು. ಒಂದು ಜಂತಿಯ ತುದಿಯನ್ನು ಎರಡಿಂಚು ಕೊಯ್ದು ನೋಡಿದೆ. ಒಲೆಯ ಹೊಗೆ ಹಿಡಿದು ಹೊರಗೆ ಕರ್‍ರಗಾಗಿದ್ದ ಕಟ್ಟಿಗೆ ಒಳಗೆ ಜೇನಿನ ಬಣ್ಣ. ಮೂಗಿನ ಹತ್ತಿರ ಹಿಡಿದರೆ ಹಳೆ ಸಾಗವಾನಿಯ ಎಣ್ಣೆ ವಾಸನೆ ಇನ್ನೂ ಹೋಗಿರಲಿಲ್ಲ. ಗುಜರಿಯವನು ಅಷ್ಟನ್ನೂ ತೂಕದ ಲೆಕ್ಕದಲ್ಲಿ ಕೇಳುತ್ತಿದ್ದ. ನಾಲ್ಕು ಜಂತಿ, ಪಡಸಾಲೆಯ ಬಾಗಿಲ ಮೇಲಿದ್ದ ಬಣ್ಣದ ಗಾಜಿನ ಕಮಾನು, ಇಷ್ಟನ್ನು ಮಾವನಿಂದ ಕೇಳಿ ಪಡೆದು ಟಂಟಂನಲ್ಲಿ ಹೇರಿಕೊಂಡು ಬಂದೆ. ಗಾಜನ್ನು ಮಾತ್ರ ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ.

ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವನು ನಾನು. ಬಡಿಗತನ ರಜೆಯ ದಿನಗಳಲ್ಲಿ ಹತ್ತಿದ ಪ್ರೀತಿ. ಕಲಿಸಿದವರು ನಮ್ಮ ಓಣಿಯ ಬಡಿಗೇರ ಕಾಕಾ. ಅವರ ಮಗ ನನ್ನ ಶಿಷ್ಯನಾಗಿದ್ದರಿಂದ ಅವರು ನನ್ನನ್ನು ‘ಸರ’ ಎನ್ನುತ್ತಾರೆ, ಉಳಿ ಹಿಡಿಯುವುದನ್ನು ತಪ್ಪಿದರೆ ಅದೇ ‘ಸರ’ ಎಂಬ ಮಾತಿನಲ್ಲೇ ಗದರುತ್ತಾರೆ.

ನಮ್ಮದು ಅಪ್ಪ ಕಟ್ಟಿಸಿದ ಮನೆ. ಕಲ್ಲು-ಮಣ್ಣಿನ ದಪ್ಪ ಗೋಡೆ, ಕೆಳಗೆ ಶಹಾಬಾದಿ ಪರಸಿ. ಪಡಸಾಲೆಯ ಈಶಾನ್ಯ ಮೂಲೆಯಲ್ಲಿ ಕೊಡೆ, ಬಡಿಗೆ, ಮಡಿಚಿದ ಚಾಪೆ ಬಿಟ್ಟರೆ ಬೇರೇನೂ ನಿಲ್ಲುತ್ತಿರಲಿಲ್ಲ. ಆ ಮೂಲೆಗೆ ಗಾಜಿನ ಬಾಗಿಲಿನ ಕಪಾಟು ಮಾಡಬೇಕೆಂಬ ಆಸೆ ಬಹಳ ದಿನದ್ದು. ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ಕಪಾಟನ್ನು ಎಲ್ಲಿಗಾದರೂ ಸರಿಸಬಹುದು. ಮೂಲೆಯ ಕಪಾಟು ಹಾಗಲ್ಲ. ಅದು ಒಂದೇ ಮೂಲೆಗೆ ಹುಟ್ಟುತ್ತದೆ, ಇನ್ನೊಂದಕ್ಕೆ ಕೂಡುವುದಿಲ್ಲ. ನನಗೆ ಅದರ ಮೇಲೆ ಮನಸ್ಸು ಬಂದಿದ್ದೇ ಇದಕ್ಕೆ.

ಮೊದಲು ಮೂಲೆ ಕಾಟಕೋನವೋ ಅಲ್ಲವೋ ನೋಡಬೇಕು. ಒಂದು ಗೋಡೆಗುಂಟ 3 ಅಡಿ, ಇನ್ನೊಂದರಗುಂಟ 4 ಅಡಿ ಗುರುತು ಮಾಡಿ, ಎರಡು ಗುರುತುಗಳ ನಡುವೆ ದಾರ ಹಿಡಿದರೆ 5 ಅಡಿ ಬರಬೇಕು. ಶಾಲೆಯಲ್ಲಿ ಎಷ್ಟು ಸಲ ಹಲಗೆಯ ಮೇಲೆ ಬರೆದ ಲೆಕ್ಕ! ನಮ್ಮ ಮೂಲೆಯಲ್ಲಿ ಅದು 5 ಅಡಿ ಒಂದೂಕಾಲು ಇಂಚು ಬಂತು. ಅಂದರೆ ಮೂಲೆ ಎರಡೂವರೆ ಡಿಗ್ರಿ ಬಾಯಿ ತೆರೆದಿದೆ. ಎರಡು ಅಡಿ ಉದ್ದದ ಹಲಗೆಯನ್ನು ಗುಣ್ಯಾ ಹಿಡಿದು ನೇರ ಕೊಯ್ದು ಕೂಡಿಸಿದರೆ ತುದಿಯಲ್ಲಿ ಒಂದು ಇಂಚು ಸಂದು ಉಳಿಯುತ್ತದೆ, ಹಲ್ಲಿ ಸಂಸಾರ ಹೂಡುವಷ್ಟು. ಕಾಕಾ ಗೋಡೆಯ ಮೇಲೆ ಅಂಗೈ ಆಡಿಸಿ, “ಗ್ವಾಡಿ ತಿದ್ದಲಾಕ ಬರಲ್ರಿ ಸರ, ಹಲಗಿ ತಿದ್ದ್ರಿ” ಎಂದರು.

ಹಲಗೆ ತಿದ್ದಲು ನನ್ನ ಕೈವಾರವೇ ಉಪಯೋಗಕ್ಕೆ ಬಂತು. ಮೂಲೆಯಲ್ಲಿ ರಟ್ಟನ್ನು ಹಿಡಿದು, ಕೈವಾರದ ಮೊನೆಯನ್ನು ಗೋಡೆಗೆ ತಾಗಿಸಿ ಗೋಡೆಗುಂಟ ಎಳೆದರೆ ಪೆನ್ಸಿಲ್ಲು ಗೋಡೆಯ ಉಬ್ಬು ತಗ್ಗುಗಳನ್ನೆಲ್ಲ ರಟ್ಟಿನ ಮೇಲೆ ಬರೆಯುತ್ತದೆ. ಆ ಗೆರೆಗೆ ರಟ್ಟು ಕತ್ತರಿಸಿ, ರಟ್ಟಿನ ಅಳತೆಗೆ ಹಲಗೆ ಕೊಯ್ಯುವುದು. ನಾಲ್ಕು ಹಲಗೆಗೆ ನಾಲ್ಕು ರಟ್ಟು, ಒಂದರಂತೆ ಇನ್ನೊಂದಿಲ್ಲ. ಗೋಡೆಗುಂಟ ಎರಡೂ ಕಡೆ 24 ಇಂಚು, ತುದಿಯಲ್ಲಿ ಗೋಡೆಯಿಂದ 5 ಇಂಚು ಹೊರಬಂದು, ಅಲ್ಲಿಂದ ಓರೆಯಾಗಿ ಸುಮಾರು 28 ಇಂಚಿನ ಮುಖ. ಮುಖ ಮತ್ತು ಪಕ್ಕ ಕೂಡುವಲ್ಲಿ ಎರಡೂ ಹಲಗೆಯ ಅಂಚನ್ನು ಸುಮಾರು ಇಪ್ಪತ್ಮೂರು ಡಿಗ್ರಿಗೆ ಓರೆ ಹೆರೆಯಬೇಕು. ಅಲ್ಲಿ ರಂದಾ ನಿಧಾನಕ್ಕೆ ನಡೆಯಬೇಕು. ಎಳೆ ತಿರುವಿ ಬರುವ ತೆಳುವಾದ ಹೊಪ್ಪಳಿಕೆ ಬೆರಳಿಗೆ ಸುತ್ತಿಕೊಳ್ಳುವಷ್ಟು ಮೆತ್ತಗಿದ್ದರೆ ಅಲಗು ಹರಿತವಾಗಿದೆ ಎಂದರ್ಥ.

ಹಳೆ ಕಟ್ಟಿಗೆಯ ದೊಡ್ಡ ಗುಣ, ಅದು ಸೊಟ್ಟಗಾಗುವುದಿದ್ದರೆ ಎಂದೋ ಆಗಿ ಮುಗಿದಿರುತ್ತದೆ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಸಿ ಹಲಗೆ ತಂದು ಬಾಗಿಲು ಮಾಡಿದರೆ ಮೇ ತಿಂಗಳೊಳಗೆ ಸೀಳು ಬಿಡುತ್ತದೆ. ಎಷ್ಟೋ ಬೇಸಿಗೆ ಕಂಡ ಜಂತಿಗೆ ಆ ಹಟವಿಲ್ಲ. ಆದರೆ ಅದರೊಳಗೆ ಮೊಳೆ ಇರುತ್ತವೆ. ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಜಂತಿಯ ಮೇಲೆ ಇಂಚಿಂಚು ಆಡಿಸಿ ಹನ್ನೊಂದು ಮೊಳೆ ಹಿಡಿದೆ. ಕಮ್ಮಾರ ಕುಲುಮೆಯಲ್ಲಿ ಬಡಿದು ಮಾಡಿದ ನಾಲ್ಕು ಮೂಲೆಯ ಮೊಳೆಗಳು, ತಲೆ ಮಾತ್ರ ಗುಲಗಂಜಿಯಂತೆ ಉರುಟು. ಅವನ್ನು ಡಬ್ಬಿಯಲ್ಲಿ ಇಟ್ಟಿದ್ದೇನೆ. ಕಪಾಟಿನ ಚೌಕಟ್ಟಿಗೆ ಮೊಳೆ ಹೊಡೆಯಲಿಲ್ಲ. ಒಂದು ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೊಯ್ದು ಇನ್ನೊಂದರ ತೂತಿನಲ್ಲಿ ಸೇರಿಸಿ, ಅಡ್ಡಕ್ಕೆ ಬಿದಿರಿನ ಬೆಣೆ ಬಡಿದೆವು.

ಇನ್ನು ಗಾಜು. 1860ರಲ್ಲಿ ಸುರಪುರ ನಿಜಾಮರ ಕೈಸೇರಿತು, 1948ರ ತನಕ ಅವರದೇ ಆಡಳಿತ. ಬಣ್ಣದ ಗಾಜಿನ ಷೋಕು ನಮ್ಮ ಮನೆಗಳಿಗೆ ಹೈದರಾಬಾದಿನ ದೇವಡಿ ಮಹಲುಗಳನ್ನು ನೋಡಿಯೇ ಬಂತೆಂದು ನನ್ನ ಎಣಿಕೆ. ಗಾಜಿಗೆ ನೀಲಿ ಬರುವುದು ಕೋಬಾಲ್ಟಿನಿಂದ, ಹಸಿರು ಕಬ್ಬಿಣದಿಂದ, ಕೆಂಪು ತಾಮ್ರದಿಂದ ಅಥವಾ ಚಿನ್ನದಿಂದ. ನಮ್ಮ ಸುರಪುರದ ಚಿತ್ರಗಾರರು ಚಿನ್ನದ ರೇಕನ್ನು ದೇವರ ಕಿರೀಟಕ್ಕೆ ಅಂಟಿಸಿ ಹೊಳೆಯಿಸಿದರು, ಎಲ್ಲೋ ಗಾಜಿನ ಕುಲುಮೆಯವರು ಅದೇ ಚಿನ್ನದಿಂದ ದಾಳಿಂಬೆ ಕೆಂಪು ತೆಗೆದರು. ಎರಡೂ ಕೈಗಳಿಗೆ ನನ್ನ ನಮಸ್ಕಾರ.

ಕಮಾನಿನ ಗಾಜುಗಳು ಬೀಸಣಿಗೆಯ ಎಸಳಿನಂತೆ ಇದ್ದವು. ಅವನ್ನು ಐದಿಂಚು ನಾಲ್ಕಿಂಚಿನ ತುಂಡು ಮಾಡಬೇಕಿತ್ತು. ಯಾದಗಿರಿಗೆ ಹೋಗಿ ವಜ್ರದ ಮೊನೆಯ ಕಡ್ಡಿ ತಂದೆ. ಮೊನೆಗೆ ಸೀಮೆಎಣ್ಣೆ ಮುಟ್ಟಿಸಿ, ಪಟ್ಟಿಗುಂಟ ಒಂದೇ ಸಲ ಎಳೆಯಬೇಕು. ಚರ್‍ರೆಂಬ ಸದ್ದು ನಡುವೆ ಕಡಿಯಬಾರದು. ಎಳೆದ ಗೆರೆಯ ಮೇಲೆ ಮತ್ತೆ ಎಳೆದರೆ ಗಾಜು ತನಗೆ ಬೇಕಾದ ಕಡೆ ಒಡೆಯುತ್ತದೆ. ನಾಲ್ಕು ಕೆಂಪು, ನಾಲ್ಕು ಹಸಿರು, ನಾಲ್ಕು ನೀಲಿ ಸಿಕ್ಕವು. ನಡುವೆ ದೊಡ್ಡ ಬಿಳಿ ಗಾಜು, ಎರಡು ಬದಿಗೆ ಈ ಬಣ್ಣದ ಸಾಲು.

ಬಾಗಿಲು ಕೂಡಿಸಿ ಮೂಲೆಯಲ್ಲಿ ನಿಲ್ಲಿಸಿದಾಗ ಎದೆ ಧಸಕ್ಕೆಂದಿತು. ಬಣ್ಣವೇ ಇಲ್ಲ! ಕೆಂಪು, ನೀಲಿ ಎಲ್ಲ ಇದ್ದಿಲಿನಂತೆ ಕಪ್ಪು. ಬಾಗಿಲ ಮೇಲಿದ್ದಾಗ ಅವಕ್ಕೆ ಹಿಂದಿನಿಂದ ಬಿಸಿಲು ಬೀಳುತ್ತಿತ್ತು, ಕಪಾಟಿನಲ್ಲಿ ಹಿಂದೆ ಕತ್ತಲೆ. ಕಾಕಾ ಬಹಳ ಹೊತ್ತು ನೋಡಿ, “ಹಿಂದಿನ ಹಲಗಿ ತೆಗಿರಿ ಸರ. ಗ್ವಾಡಿಗಿ ಸುಣ್ಣ ಹಚ್ರಿ” ಎಂದರು. ಬೆನ್ನಿನ ಹಲಗೆ ಬಿಚ್ಚಿ, ಮೂಲೆಯ ಗೋಡೆಗೆ ಎರಡು ಕೈ ಸುಣ್ಣ ಹೊಡೆದು, ಒಳಗಿನ ಹಲಗೆಗಳ ಮುಂದಿನ ಅಂಚನ್ನು ಎರಡಿಂಚು ಕಡಿಮೆ ಮಾಡಿದೆ. ಈಗ ಕಿಟಕಿಯ ಬೆಳಕು ನಡುವಿನ ಬಿಳಿ ಗಾಜಿನಿಂದ ಒಳಗೆ ಹೋಗಿ, ಸುಣ್ಣದ ಗೋಡೆಗೆ ಬಡಿದು, ಬಣ್ಣದ ಗಾಜಿನಿಂದ ಹೊರಗೆ ಬರುತ್ತದೆ. ಇಷ್ಟು ಜಾಣತನದ ಮಾತನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಕೊನೆಗೆ ಪಾಲಿಶ್. ಚಪಡಾ ಅರಗನ್ನು ರಾತ್ರಿ ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಮುಂಜಾನೆ ಸೋಸಿ, ಅರಳೆಯನ್ನು ಹಳೆ ಧೋತರದ ಅರಿವೆಯಲ್ಲಿ ಕಟ್ಟಿ ತಿಕ್ಕುವುದು. ಒಂಬತ್ತು ಸಲ ತಿಕ್ಕಿದ ಮೇಲೆ ಜಂತಿಯ ಜೇನು ಬಣ್ಣ ಮತ್ತೆ ಎದ್ದು ಬಂತು. ಒಳಗೆ ಅವ್ವನ ಹಿತ್ತಾಳೆ ಚರಿಗೆ, ತಂಬಿಗೆ, ನಿಜಾಮರ ಕಾಲದಲ್ಲಿ ಅಪ್ಪ ಓದಿದ ಉರ್ದು ಪುಸ್ತಕಗಳು ಇವೆ.

ಒಂದು ತಪ್ಪಾಯಿತು. ಗಾಜಿಗೂ ಚೌಕಟ್ಟಿಗೂ ನಡುವೆ ಸುತ್ತಲೂ ಒಂದೂವರೆ ಮಿಲಿಮೀಟರ್ ಜಾಗ ಬಿಡಬೇಕು. ಎಷ್ಟೇ ಹಳೆಯದಾದರೂ ಕಟ್ಟಿಗೆ ಮಳೆಗಾಲದಲ್ಲಿ ಅಗಲಕ್ಕೆ ತುಸು ಉಬ್ಬುತ್ತದೆ. ಒಂದು ನೀಲಿ ತುಂಡಿಗೆ ನಾನು ಆ ಜಾಗ ಬಿಟ್ಟಿರಲಿಲ್ಲ. ಶ್ರಾವಣದ ಒಂದು ರಾತ್ರಿ ಅದು ಟಕ್ಕೆಂದು ಸೀಳಿತು. ಅಲ್ಲಿ ಈಗ ಬಿಳಿ ಗಾಜು ಇದೆ.

ಸುರಪುರ, ಶಹಾಪುರ, ಯಾದಗಿರಿಯಲ್ಲಿ ಮಾಳಿಗೆ ಮನೆ ಕೆಡವಿ ಸ್ಲ್ಯಾಬ್ ಹಾಕಿಸುವವರಲ್ಲಿ ನನ್ನದೊಂದು ವಿನಂತಿ. ಗುಜರಿಯವನನ್ನು ಕರೆಯುವ ಮೊದಲು ನಿಮ್ಮ ಊರಿನ ಬಡಿಗನನ್ನು ಕರೆದು ಜಂತಿ ತೋರಿಸಿ. ಬಾಗಿಲ ಮೇಲಿನ ಕಮಾನನ್ನು ಹಾರೆಯಿಂದ ಕೀಳಿಸಬೇಡಿ, ಪಟ್ಟಿ ಬಿಚ್ಚಿ ಗಾಜು ತೆಗೆಸಿ. ಅದರಲ್ಲಿ ಐದಿಂಚು ನಾಲ್ಕಿಂಚಿನ ಒಂದು ನೀಲಿ ತುಂಡು ಇದ್ದರೆ, ನನಗೆ ತಿಳಿಸಿ.